ಏಳೂವರೆ ಬಸ್ಸಿನ ಭಾಷಣ

ವಿಧಾನಸಭೆಯ ಕಣ್ಣಲ್ಲಿ ನೀರು ತರಿಸಿದವನನ್ನು ನೀವು ಹತ್ತಿರದಿಂದ ನೋಡಿದ್ದೀರಾ? ನೋಡಿರಲಿಕ್ಕಿಲ್ಲ ಬಿಡಿ, ಅಂಥ ಯೋಗ ಎಲ್ಲರಿಗೂ ಬರುವುದಿಲ್ಲ. ಈಗ ಬಂದಿದೆ, ಚೆನ್ನಾಗಿ ನೋಡಿಕೊಳ್ಳಿ. ಅಂಕೋಲೆಯ ಬಸ್ ನಿಲ್ದಾಣದ ಕಂಬಕ್ಕೆ ಒರಗಿ, ಇಸ್ತ್ರಿ ಮುರಿಯದಂತೆ ಎದೆ ಸೆಟೆಸಿ ನಿಂತಿದ್ದಾನಲ್ಲ, ಬಿಳಿ ಶರ್ಟಿನ ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು, ಅವನೇ ರೋಹಿತ. ವಯಸ್ಸು ಇಪ್ಪತ್ತನಾಲ್ಕು. ಓದು ಬಿ.ಎ., ಎರಡು ವಿಷಯ ಬಾಕಿ. ಹುದ್ದೆ, ಪಕ್ಷೇತರ ಶಾಸಕ ಮಧುಕರ ಮಾಸ್ತರರ ಆಪ್ತ ಸಹಾಯಕ. ಕೆಲಸ, ಅವರ ಬಾಯಿಗೆ ಮಾತು ಹಾಕುವುದು. ಪಕ್ಷ ಕಟ್ಟಿಕೊಂಡವರು, ಮೇಜು ಕುಟ್ಟಿ ಅರ್ಧ ಗಂಟೆ ಕೂಗುವವರು, ಅಂಕಿಸಂಖ್ಯೆಯ ಹೊರೆ ಹೊತ್ತು ಬರುವವರು, ಯಾರಿಂದಲೂ ಆಗದ್ದನ್ನು ಕೊನೇ ಸಾಲಿನ ಮೂಲೆಯ ಈ ಹಳೇ ಡ್ರಿಲ್ ಮಾಸ್ತರು ಮೂರು ನಿಮಿಷದಲ್ಲಿ ಮಾಡಿ ತೋರಿಸಿದರು ಅಂದರೆ ಆ ಮೂರು ನಿಮಿಷ ಬರೆದವನು ಯಾರು? ಸಾರಿಗೆ ಮಂತ್ರಿಗಳು ಎದ್ದು ನಿಂತು ಕನ್ನಡಕ ತೆಗೆದು ಒರೆಸಿಕೊಂಡರು. ವಿರೋಧ ಪಕ್ಷದ ಬೆಂಚಿನಲ್ಲಿ ಮೊಬೈಲು ಒತ್ತುತ್ತಿದ್ದವನು ಒತ್ತುವುದನ್ನು ನಿಲ್ಲಿಸಿದ. ಮರುದಿನ ಪತ್ರಿಕೆಯ ಕರಾವಳಿ ಪುಟದಲ್ಲಿ ನಾಲ್ಕು ಕಾಲಮ್ಮು. ಸೀಟಿ ಹೊಡೆಯುವುದಿದ್ದರೆ ಈಗಲೇ ಹೊಡೆಯಿರಿ, ಹೀರೋ ಎಂಟ್ರಿ ಆಗಿದೆ.

ಹೀರೋನ ಅಂಗೈ ಮಾತ್ರ ಬೆಳಗಿನಿಂದ ಒಣಗಿರಲಿಲ್ಲ. ಪ್ಯಾಂಟಿಗೆ ಒರೆಸಿದರೆ ಪ್ಯಾಂಟು ಒದ್ದೆ, ಕರವಸ್ತ್ರಕ್ಕೆ ಒರೆಸಿದರೆ ಕರವಸ್ತ್ರದಿಂದಲೇ ಬೆವರು ವಾಪಸು ಬಂದಂತೆ. ಹನ್ನೊಂದು ಗಂಟೆಗೆ ಕಾರವಾರದಲ್ಲಿ ವಿಚಾರಣೆ. ಮಂತ್ರಿಗಳು ಸದನದಲ್ಲಿ ಭರವಸೆ ಕೊಟ್ಟಿದ್ದರಿಂದ ಅದು ಸುಮ್ಮನೆ ಮರೆತುಹೋಗುವ ವಿಚಾರಣೆಯಲ್ಲ. ಭರವಸೆಗೆ ಒಂದು ಸಂಖ್ಯೆ ಬಿದ್ದಿತ್ತು, ಸಂಖ್ಯೆಗೆ ಒಂದು ಕಡತ ಹುಟ್ಟಿತ್ತು, ಕಡತದೊಳಗೆ ಜಟ್ಟು ಎಂಬ ಕಂಡಕ್ಟರ್ ಎರಡು ತಿಂಗಳಿನಿಂದ ಅಮಾನತಿನಲ್ಲಿ ಕೂತಿದ್ದ. ಸಾಕ್ಷಿಗಳು ಇಬ್ಬರು. ಒಬ್ಬ ರೋಹಿತ. ಇನ್ನೊಬ್ಬಳು ಪಕ್ಕದಲ್ಲಿ ಸಿಮೆಂಟಿನ ಬೆಂಚಿನ ಮೇಲೆ ಕೂತಿದ್ದ ಹೀರಾ, ಅವನ ತಾಯಿಯ ತಂಗಿ, ಮೂವತ್ತು ವರ್ಷದಿಂದ ಕಡಲ ತಡಿಯ ಮೀನನ್ನು ಸುಂಕಸಾಳದ ಕಡೆ ಹೊತ್ತು ಮಾರುವವಳು. ಇವತ್ತು ಬುಟ್ಟಿ ಇರಲಿಲ್ಲ. ಮದುವೆಗೆ ಉಡುವ ಹಸಿರು ಸೀರೆ, ತಲೆಯಲ್ಲಿ ಅಬ್ಬಲಿಗೆ ಹೂ. ಬುಟ್ಟಿಯಿಲ್ಲದ ಅವಳನ್ನು ಅವನು ನೋಡಿದ್ದೇ ಕಡಿಮೆ. ಯಾವುದೋ ಅಂಗ ಮನೆಯಲ್ಲಿ ಬಿಟ್ಟು ಬಂದವಳಂತೆ ಕಾಣುತ್ತಿದ್ದಳು. ಮೈಯಿಂದ ಸಾಬೂನಿನ ವಾಸನೆ ಬರುತ್ತಿತ್ತು. ಎಷ್ಟು ತಿಕ್ಕಿಕೊಂಡಿದ್ದಳೋ. ಆ ಸಾಬೂನಿನ ವಾಸನೆ ಅವನ ಮೂಗಿಗೆ ಮೀನಿಗಿಂತ ಹೆಚ್ಚು ಹೊಡೆಯಿತು, ಯಾಕೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ಅವನು ಪಕ್ಕದ ಪುಸ್ತಕದಂಗಡಿಯ ಸಿನಿಮಾ ಪತ್ರಿಕೆಗಳ ಕಡೆ ಮುಖ ತಿರುಗಿಸಿದ.

"ಅಲ್ಲಾ ರೇ ರೋಹಿತಾ," ಅಂದಳು, "ನನ್ನ ಹೆಸ್ರು ಬೆಂಗ್ಳೂರಿಗೆ ಹೋಗಿ ಬಂತು, ನಾನು ಕಾರವಾರದಾಚೆ ಹೋಗ್ಲಿಲ್ಲ. ಅಲ್ಲೆಲ್ಲ ಕುರ್ಚಿ ಮೆತ್ತಗಿರ್ತದಂತೆ, ಹೌದನ?"

"ಹೌದು ಮಾವ್ಶಿ."

"ಅದ್ಕೇ ನಿದ್ರೆ ಮಾಡ್ತರು. ನನ್ನ ಹೆಸ್ರು ಬಂದಾಗ ಎಷ್ಟು ಜನ ಎಚ್ಚರಿದ್ರು?"

ಎಷ್ಟು ಜನ ಎಚ್ಚರಿದ್ದರು? ಅವತ್ತು ಗ್ಯಾಲರಿಯಲ್ಲಿ ಕೂತು ರೋಹಿತ ಎಣಿಸಿದ್ದ. ಪಕ್ಷೇತರನಿಗೆ ಮಾತು ಸಿಗುವುದು ಎಲ್ಲರದ್ದೂ ಮುಗಿದ ಮೇಲೆ, ಊಟದ ಹೊತ್ತಿಗೆ, ಅರ್ಧ ಕುರ್ಚಿ ಖಾಲಿಯಿರುವಾಗ. ಮೂವತ್ತೊಂಬತ್ತು ತಲೆ. ಆದರೂ ಮಧುಕರ ಮಾಸ್ತರು ಆ ಮೂರು ನಿಮಿಷಕ್ಕಾಗಿ ವಾರವಿಡೀ ತಯಾರಾಗುತ್ತಿದ್ದರು, ಶಾಲೆಯ ಕವಾಯತಿಗೆ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿಸುತ್ತಿದ್ದಂತೆ. ಕಡಲ ಕೊರೆತದ ಬಗ್ಗೆ, ಮಾಸ್ತರಿಲ್ಲದ ಶಾಲೆಗಳ ಬಗ್ಗೆ, ಕೈಗಾದ ನೌಕರರ ಬಸ್ಸು ದಿನಾ ದಾಟಿಹೋಗುವ ದಾರಿಯ ಹಳ್ಳಿಗಳಿಗೆ ಒಂದೂ ಬಸ್ಸು ನಿಲ್ಲದ ಬಗ್ಗೆ. ಮಾತು ಬರುತ್ತಿರಲಿಲ್ಲ ಅವರಿಗೆ. ಬರೆದದ್ದನ್ನು ಇದ್ದ ಹಾಗೇ ಓದುವವರು. ಮೊದಲ ಅಧಿವೇಶನದಲ್ಲಿ ರೋಹಿತ ಸಿನಿಮಾದವರು ಸ್ಕ್ರಿಪ್ಟಿನಲ್ಲಿ ಬರೆಯುವ ಹಾಗೆ ಅಂಚಿನಲ್ಲಿ 'ಇಲ್ಲಿ ಸ್ವಲ್ಪ ನಿಂತು, ಕಣ್ಣು ಮೇಲೆತ್ತಬೇಕು' ಎಂದು ಬರೆದುಕೊಟ್ಟಿದ್ದ. ಮಾಸ್ತರು ಅದನ್ನೂ ಗಟ್ಟಿಯಾಗಿ ಓದಿಬಿಟ್ಟರು. ಸದನ ಬಿದ್ದು ಬಿದ್ದು ನಕ್ಕಿತು. ನಂತರ ತಿದ್ದುಪಡಿಗೆಂದು ಬಂದ ನಡವಳಿಯ ಪ್ರತಿಯಲ್ಲಿ ಕಡಲ ಕೊರೆತದ ಪಕ್ಕದಲ್ಲಿ ಕಂಸ ಹಾಕಿ 'ನಗು' ಎಂದು ಅಚ್ಚಾಗಿತ್ತು. ಮಾಸ್ತರು ಆ ಶಬ್ದದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು. ಬೈಯಲಿಲ್ಲ. "ತಮಾ," ಅಂದರು, "ಪಕ್ಷ ಇದ್ದವ್ರು ನಗೆಪಾಟಲಾದ್ರೆ ಬೆನ್ನಿಗೆ ಪಕ್ಷ ಅದೆ. ಸುಳ್ಳು ಹೇಳಿ ಸಿಕ್ಕಿಬಿದ್ರೂ ಪಕ್ಷ ಅದೆ. ನಂಗೆ ನನ್ನ ಮಾತೊಂದೇ. ಇನ್ಮುಂದೆ ಚೀಟಿಯ ತಲೆಗೆ ಹೆಸ್ರು, ಊರು, ತಾರೀಖು, ವೇಳೆ, ನಾಲ್ಕೂ ಇರ್ಬೇಕು. ನಾಲ್ಕಿಲ್ದೇ ಇದ್ರೆ ನಾ ಎದ್ದು ನಿಲ್ಲೂದೇ ಇಲ್ಲ." ಅಂದಿನಿಂದ ಪ್ರತಿ ಭಾಷಣದ ತಲೆಯಲ್ಲೂ ಕ್ರೀಡಾಕೂಟದ ಫಲಿತಾಂಶದ ಹಾಗೆ ನಾಲ್ಕು ಕಲಮು ಇರುತ್ತಿದ್ದವು.

ಬಸ್ಸು ಬಂತು. ಹೀರಾ ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೆ ನಡೆದಳು. ರೋಹಿತ ಮುಂದಿನ ಬಾಗಿಲಲ್ಲಿ ಹತ್ತಿ ಎರಡು ಸೀಟು ಹಿಡಿದು ಕೂಗಿ ಕರೆಯಬೇಕಾಯಿತು. ಕರೆಯುವಾಗ 'ಮಾವ್ಶಿ' ಎಂಬ ಶಬ್ದ ಅವನ ಗಂಟಲಿನಲ್ಲಿ ಒಂದು ಕ್ಷಣ ತಡೆದು ಹೊರಬಂತು. ಆ ಕ್ಷಣವನ್ನು ಅವನೇ ಕಂಡ, ತನ್ನ ಕಿಸೆಗೆ ತಾನೇ ಕೈಹಾಕಿ ಸಿಕ್ಕಿಬಿದ್ದ ಕಳ್ಳನಂತೆ. ಬಸ್ಸಿನಲ್ಲಿದ್ದವರು ಅವಳನ್ನು ಗುರುತಿಸಿದರು. ಅವರ್ಸೆಗೆ ಹೋಗುವ ಮುದುಕನೊಬ್ಬ, "ಪೇಪರ್ನಲ್ಲಿ ಬಂದವ್ಳು ನೀನೇ ಅಲ್ವೇ, ಕಂಡಕ್ಟರ್ ಕಾಲಲ್ಲಿ ಒದ್ದು ಇಳಿಸಿದ್ನಂತಲ್ಲ," ಅಂದ. "ಎಂಥಾ ಮಳೆಯಂತೆ ಪಾಪ ಅವತ್ತು!" ಹೀರಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಪೇಪರ್ನಲ್ಲಿ ಬಂದ್ಮೇಲೆ ಬಂದ ಹಂಗೆ," ಅಂದು ಕಿಟಕಿಯ ಕಡೆ ತಿರುಗಿದಳು. ಈ ಬಸ್ಸಿನ ಕಂಡಕ್ಟರ್ ಮಾತ್ರ, ತೆಳ್ಳಗಿನ ಹುಡುಗ, ಇಬ್ಬರ ಟಿಕೀಟನ್ನೂ ಹರಿದು ರೋಹಿತನ ತೊಡೆಯ ಮೇಲೆ ಇಟ್ಟು, ಮುಖ ನೋಡದೆ ಮುಂದೆ ಹೋದ. ಅವನ ಬೆನ್ನಿನಲ್ಲಿ ಇಡೀ ಡಿಪೋದ ಮುನಿಸಿತ್ತು. ರೋಹಿತನಿಗೆ ಒಂದು ಡೈಲಾಗ್ ಹೊಳೆಯಿತು, ಹೊಳೆಯದೆ ಇರುವುದೇ ಇಲ್ಲವಲ್ಲ: 'ಏಯ್, ಖಾಕಿ ಹಾಕ್ಕೊಂಡೋರೆಲ್ಲ ಇನ್ಸ್‌ಪೆಕ್ಟರ್ ಆಗಲ್ಲ ಕಣೋ.' ಬೇರೆ ದಿನವಾಗಿದ್ದರೆ ಧ್ವನಿ ದಪ್ಪ ಮಾಡಿ ಹೇಳಿ, ನಾಲ್ಕು ಜನರನ್ನು ನಗಿಸಿ ಇಳಿಯುತ್ತಿದ್ದ. ಅವನಿಗೆ ಎಂಟು ಖಳನಾಯಕರ ಧ್ವನಿ ಬರುತ್ತಿತ್ತು. ಕಾಲೇಜಿನಲ್ಲಿ ಪ್ರಾಂಶುಪಾಲರ ಧ್ವನಿಯಲ್ಲಿ ರಜೆ ಘೋಷಿಸಿ ಇಡೀ ಕಾಲೇಜನ್ನು ಮನೆಗೆ ಕಳಿಸಿದವನು. ನಗು ಬಂದ ಕಡೆ ತಾನಿದ್ದೇನೆ, ನಗು ನಿಂತ ಕಡೆ ತಾನಿಲ್ಲ, ಹಾಗೆ ಬೆಳೆದವನು. ಈಗ ಡೈಲಾಗ್ ನಾಲಿಗೆಯ ತುದಿಗೆ ಬಂದು, ಹಲ್ಲಿನ ಸಂದಿಯಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ ಅಲ್ಲೇ ನಿಂತಿತು.

ಬಿಣಗಾ ದಾಟುವಾಗ ಮೊಬೈಲು ಹೊಡೆದುಕೊಂಡಿತು. ಮಧುಕರ ಮಾಸ್ತರು ಬೆಂಗಳೂರಿನಿಂದ. ಅವರು ಫೋನಿನಲ್ಲೂ ಮೈದಾನದಲ್ಲಿ ಮಾತಾಡಿದ ಹಾಗೆ ಕೂಗುವವರು. "ರೋಹಿತಾ, ಹೊರಟ್ರ್ಯಾ? ಚಾ ಕುಡಿಸು ಅವ್ರಿಗೆ. ಹೆದರ್ಕೆ ಬೇಡ. ಖರೆ ಇದ್ದದ್ದಷ್ಟೇ ಹೇಳೂದು, ಸದನದಲ್ಲಿ ಹೇಳಿದ್ದೇ ಅಲ್ಲೂ ಹೇಳೂದು, ಎರಡೂ ಒಂದೇ ತಾನೇ. ವರದಿ ಹೋದ ಕೂಡ್ಲೇ ಆದೇಶ ತೆಗೀತೆ ಅಂದಿದಾರೆ ಮಂತ್ರಿ. ಹಿಂದಿನ ಬಾಗಿಲ ಹತ್ರ ಮೀನಿನ ಬುಟ್ಟಿ ಇಡೂಕೆ ಜಾಗ, ಜಿಲ್ಲೆಗೆಲ್ಲ. ತಿಳೀತಾ ನಿಂಗೆ? ಪಕ್ಷ ಇಲ್ದೇ ಇದ್ದವ್ನೊಬ್ಬ ಆದೇಶ ಮಾಡಿಸ್ದ ಅಂತ ಆಗ್ತದೆ." ಸ್ವಲ್ಪ ತಡೆದು, ಧ್ವನಿ ಇಳಿಸಿ, "ಆ ಕಂಡಕ್ಟರಿಗೂ ಮಕ್ಕಳು ಮರಿ ಇರ್ಬೇಕು. ಶಿಕ್ಷೆ ಕಡಿಮೆ ಮಾಡಿ ಅಂತ ಆಮೇಲೆ ನಾನೇ ಒಂದು ಪತ್ರ ಕೊಡ್ತೆ," ಅಂದರು. ರೋಹಿತ ಹೂಂ ಅಂದ. ಎರಡೂ ಒಂದೇ ತಾನೇ. ಎರಡೂ ಒಂದೇ ಅಲ್ಲವೆಂದು ಹೇಳುವ ಮೊದಲೇ ಬಿಣಗಾ ಘಟ್ಟದಲ್ಲಿ ಸಿಗ್ನಲ್ ಹೋಯಿತು. ಹೋಗದಿದ್ದರೂ ಅವನು ಹೇಳುತ್ತಿರಲಿಲ್ಲ, ಸಿಗ್ನಲ್ ಹೋಗಿದ್ದಕ್ಕೆ ಮನಸ್ಸಿನಲ್ಲೇ ಕೈಮುಗಿದ.

ಸದನದಲ್ಲಿ ಓದಿದ್ದು ಅವನಿಗೆ ಬಾಯಿಪಾಠ. 'ಮಾನ್ಯ ಸಭಾಧ್ಯಕ್ಷರೇ, ಸುರಿವ ಮಳೆಯಲ್ಲಿ, ಸುಂಕಸಾಳಕ್ಕೆ ಇನ್ನೂ ಮೂರು ಕಿಲೋಮೀಟರ್ ಇರುವಾಗ, ಒಬ್ಬ ತಾಯಿಯ ಮೀನಿನ ಬುಟ್ಟಿಯನ್ನು ಕಂಡಕ್ಟರು ಕಾಲಿನಿಂದ ನೂಕಿ ರಸ್ತೆಗೆ ಇಳಿಸಿದ. ಬಂಗಡೆಗಳು ಕೆಸರಿನಲ್ಲಿ ಬಿದ್ದವು. ಮಾನ್ಯರೇ, ನಮ್ಮೆಲ್ಲರ ತಟ್ಟೆಯಲ್ಲಿ ಜಾಗವಿರುವ ಮೀನಿಗೆ ನಮ್ಮ ಬಸ್ಸಿನಲ್ಲಿ ಜಾಗವಿಲ್ಲವೆ?' ಈ ಕೊನೇ ಸಾಲು ಬರೆದಾಗ ಅವನ ಮೈ ರೋಮ ಎದ್ದಿತ್ತು. ಆಮೇಲೆ ಚೀಟಿಯ ತಲೆ ಖಾಲಿ ಉಳಿದಿತ್ತು. ಹೆಸರು, ಊರು, ತಾರೀಖು, ವೇಳೆ. ಸುಳ್ಳು ಹೆಸರು ಹಾಕಬಹುದಿತ್ತು. ಆದರೆ ಮಾಸ್ತರು ಪತ್ತೆ ಮಾಡಿಸುತ್ತಿದ್ದರು. ಅಂಥ ಬಸ್ಸು, ಅಂಥ ದಿನ ಖಂಡಿತ ಇದ್ದವು, ಹೀರಾ ದಾರಿಯ ನಡುವೆ ಇಳಿದದ್ದೂ ಖಂಡಿತ. ಅವನು ಬರೆದ: ಹೀರಾ, ಅವತ್ತಿನ ತಾರೀಖು, ಏಳೂವರೆ, ಅಂಕೋಲೆ–ಯಲ್ಲಾಪುರ, ಕಂಡಕ್ಟರ್ ಜಟ್ಟು. ಹೆಚ್ಚೆಂದರೆ ಜಟ್ಟುವನ್ನು ಮೇಲಿನವರು ಕರೆದು ಬೈದಾರು ಅಂದುಕೊಂಡ. ಮಂತ್ರಿಗಳು ಕನ್ನಡಕ ಒರೆಸಿಕೊಳ್ಳುತ್ತ "ಯಾವ ಬಸ್ಸು, ಯಾರು ಅಂತ ಸದಸ್ಯರು ಹೇಳಿದರೆ ಈಗಲೇ ಕ್ರಮ ಕೈಗೊಳ್ಳುತ್ತೇನೆ" ಅಂದಾಗ ಮಾಸ್ತರು ಹೆಮ್ಮೆಯಿಂದ ಚೀಟಿಯ ತಲೆ ಓದಿದರು. ಜೀವನದಲ್ಲಿ ಮೊದಲ ಸಲ ಅವರಿಗೆ ಮೇಜು ಕುಟ್ಟಿದ ಸದ್ದು ಕೇಳಿಸಿತು. ಗ್ಯಾಲರಿಯಲ್ಲಿ ರೋಹಿತನೂ ಚಪ್ಪಾಳೆ ತಟ್ಟಲು ಹೋಗಿ, ಮಾರ್ಷಲ್ ಕಣ್ಣುಬಿಟ್ಟದ್ದರಿಂದ ನಿಲ್ಲಿಸಿದ. ಮೂರನೆಯ ದಿನ ಜಟ್ಟುವಿನ ಅಮಾನತಿನ ಆದೇಶ ಬಂತು.

ಕಾರವಾರದಲ್ಲಿ ಇಳಿದು ಚಾ ಕುಡಿಸಿದ. ಹೀರಾ ಬಶಿಗೆ ಸುರಿದು ಕುಡಿದಳು. ಮುಂದಿನ ಮೇಜಿನವರು ನೋಡುತ್ತಾರೇನೋ ಎಂದು ಅವನ ಕಣ್ಣು ತಾನಾಗಿ ಹೊರಳಿತು, ಯಾರೂ ನೋಡುತ್ತಿರಲಿಲ್ಲ. ಯಾರೂ ಯಾವತ್ತೂ ನೋಡುತ್ತಿರಲಿಲ್ಲವೇನೋ, ಎಲ್ಲ ಕಣ್ಣುಗಳನ್ನೂ ತಾನೇ ಹೊತ್ತು ತಿರುಗುತ್ತಿದ್ದೆನೇನೋ. ಜಟ್ಟುವನ್ನು ಅವನು ಕಳೆದ ತಿಂಗಳು ಶಿರವಾಡದ ರೈಲು ನಿಲ್ದಾಣದಲ್ಲಿ ನೋಡಿದ್ದ. ಮಂಗಳೂರು ಕಡೆಯ ಗಾಡಿಯಿಂದ ಇಳಿದು ಹೊರಗೆ ಬಂದರೆ ಸಾಲಿನ ಮೊದಲ ರಿಕ್ಷಾದಲ್ಲಿ ಜಟ್ಟು. ಓಡಿಹೋಗಲು ಜಾಗವಿರಲಿಲ್ಲ. "ಹತ್ತು," ಅಂದಿದ್ದ ಜಟ್ಟು, "ಭಾವನ ರಿಕ್ಷಾ. ಖಾಕಿ ಅದೇ, ಗಾಡಿ ಮಾತ್ರ ಸಣ್ದಾಗಿದೆ." ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡಲಿಲ್ಲ. ನಡುವೆ ಕೈಗಾದ ನೌಕರರ ಬಸ್ಸು ಎದುರಾದಾಗ ರಿಕ್ಷಾವನ್ನು ಬದಿಗೆ ತೆಗೆದು, ಬಸ್ಸು ದಾಟುವ ತನಕ ಅದರ ಬಾಗಿಲಲ್ಲಿ ನಿಂತಿದ್ದವನನ್ನೇ ನೋಡುತ್ತಿದ್ದ. ಇಳಿಯುವಾಗ ರೋಹಿತ ಏನಾದರೂ ಹೇಳಬೇಕೆಂದು, "ಜಟ್ಟಣ್ಣಾ, ಅದು ಎಂಥ ಆಯ್ತು ಅಂದ್ರೆ," ಎಂದು ಶುರುಮಾಡಿದ. "ಎಂಥ ಆಯ್ತು ನಂಗೂ ಗೊತ್ತದೆ ಮಾರಾಯಾ," ಅಂದ ಜಟ್ಟು, "ನಾನೂ ಅದೇ ಬಸ್ಸಲ್ಲಿದ್ನಲ್ಲ." ಅಷ್ಟೇ. ಕೋಪವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಆ ರಾತ್ರಿಯಿಂದ ರೋಹಿತ ಒಂದು ಲೆಕ್ಕ ಹೇಳಿಕೊಳ್ಳಲು ಕಲಿತ: ನೂರಾರು ಬುಟ್ಟಿಗಳಿಗೆ ಬಸ್ಸಿನಲ್ಲಿ ಜಾಗ ಸಿಗುತ್ತದೆ, ಅದಕ್ಕೆ ಒಬ್ಬ ಜಟ್ಟು. ಸಿನಿಮಾದಲ್ಲೂ ಹೀರೋನ ಗೆಳೆಯನೊಬ್ಬ ಇಂಟರ್ವಲ್ಲಿಗೆ ಮುಂಚೆ ಸಾಯುತ್ತಾನೆ, ಯಾರೂ ನಿರ್ದೇಶಕನನ್ನು ಬೈಯುವುದಿಲ್ಲ.

ವಿಚಾರಣೆ ಒಂದು ಹಳೇ ಕಟ್ಟಡದ ಕೋಣೆಯಲ್ಲಿ. ಫ್ಯಾನು ತಿರುಗುತ್ತಿತ್ತು, ಗಾಳಿ ಇರಲಿಲ್ಲ. ಧಾರವಾಡದ ಕಡೆಯಿಂದ ಬಂದ ಅಧಿಕಾರಿ, ಕಿವಿಯ ಮೇಲೆ ಬಿಳಿ ಕೂದಲಿನ ದಪ್ಪ ಮನುಷ್ಯ, ಹೇಳಿಕೆ ಬರೆದುಕೊಳ್ಳಲು ಲಲಿತಾ ಎಂಬ ಗುಮಾಸ್ತೆ, ಗೋಡೆಗೆ ತಾಗಿ ಜಟ್ಟು. ಒಗೆದ ಖಾಕಿ, ಎದೆಯ ಬಿಲ್ಲೆ ಇದ್ದ ಜಾಗದಲ್ಲಿ ಎರಡು ತೂತು. ಹೀರಾ ಅವನನ್ನು ನೋಡಿದ ಕೂಡಲೇ, "ಜಟ್ಟೂ, ಎಂಥಕ್ಕೋ ಇಷ್ಟು ಸೊರಗಿದ್ದೆ? ಹೆಂಡ್ತಿ ಊಟಕ್ಕೆ ಹಾಕೂದಿಲ್ವೇನ?" ಅಂದಳು. ಅಧಿಕಾರಿ ಕೆಮ್ಮಿದರು.

"ಅಮ್ಮಾ, ಇಲ್ಲಿ ಕೂಡ್ರಿ. ಈ ಕಂಡಕ್ಟರು ನಿಮ್ಮನ್ನ ಬಸ್ಸಿನಿಂದ ಇಳಿಸಿದ್ರೇನು?"

"ಇಲ್ರೀ ಸಾಹೇಬ್ರೇ."

"ಬುಟ್ಟಿಗೆ ಒದ್ರೇನು?"

"ಅಂವ? ಅಂವ ಒದೂಕೆ ಹೋದ್ರೆ ಅಂವನೇ ಬೀಳ್ತ." ಲಲಿತಾ ತುಟಿ ಬಿಗಿಹಿಡಿದಳು. "ನಾನೇ ಇಳ್ದೆ. ಹೊಟ್ಟೆ ತೊಳ್ಸಿದ ಹಂಗಾಯ್ತು, ಇಳ್ದೆ."

"ಮೂವತ್ತು ವರ್ಷ ಅದ ದಾರಿ ಹೋದವರಿಗೆ ಅವತ್ತ ಹೊಟ್ಟಿ ತೊಳಸ್ತೇನು?"

ಹೀರಾ ರೋಹಿತನ ಕಡೆ ನೋಡಲಿಲ್ಲ. ನೋಡದಿರುವುದಕ್ಕೆ ಅವಳು ಪಟ್ಟ ಕಷ್ಟ ಅವಳ ಕುತ್ತಿಗೆಯ ನರದಲ್ಲಿ ಕಾಣುತ್ತಿತ್ತು. "ಹೊಟ್ಟೆಗೆ ವರ್ಷ ಗೊತ್ತಾಗ್ತದನ್ರೀ?" ಅಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಜಟ್ಟುವಿನ ಸೊರಗಿದ ಮುಖ ಅವಳ ಎದುರಿಗಿತ್ತು. ಒಳ್ಳೆಯವನನ್ನು ಒಳ್ಳೆಯವನೆಂದು ಸರ್ಕಾರಕ್ಕೆ ತಿಳಿಸಿಯೇ ಬಿಡಬೇಕೆಂದು ಅವಳು ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು. "ಸಾಹೇಬ್ರೇ, ಬೇರೆ ಕಂಡಕ್ಟರೆಲ್ಲ ಬುಟ್ಟಿ ಕಂಡ್ರೆ ರೈಟ್ ಅಂತ ಪೀಪಿ ಊದಿ ಹೋಗೂದೇ. ಜಟ್ಟು ಒಬ್ನೇ ಹತ್ತಿಸ್ಕಣೂದು. ದಿನಾ. ಹಿಂದಿನ ಸೀಟಿನ ಅಡಿಗೆ ಅಂವನೇ ಒಂದು ಗೋಣಿ ತಂದು ಇಟ್ಟಿದ್ದ, ನೀರು ಸೋರ್ಬಾರ್ದು ಅಂತ. ಬುಟ್ಟಿಗೆ ಟಿಕೀಟು ಸೈತ ತೆಗೆಸ್ಲಿಲ್ಲ ಯಾವತ್ತೂ. ಇಂಥವ್ನಿಗೆ ನೀವು ಬಡ್ತಿ ಕೊಡ್ಬೇಕು, ಗೊತ್ತಾಯ್ತಾ?"

ಜಟ್ಟು ಕಣ್ಣು ಮುಚ್ಚಿಕೊಂಡ. ಲಲಿತಾಳ ಪೆನ್ನು ನಿಂತಿತು. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ದೊಡ್ಡ ಉಸಿರು ಬಿಟ್ಟರು. "ತಾಯೀ, ನೀವು ಇವರನ್ನ ಒಂದ ಬಾವಿಯಿಂದ ಎತ್ತಿ ಇನ್ನೊಂದರಾಗ ಹಾಕಿದ್ರಿ. ಇಳಿಸಿದ್ರ ಒಂದ ತಪ್ಪು. ಹಸಿ ಮೀನು ಹತ್ತಿಸಿಕೊಂಡಿದ್ದು, ಟಿಕೀಟು ಇಲ್ಲದ ಸಾಗಿಸಿದ್ದು, ದಿನಾ, ಅಂದ್ರ ಅದಕ್ಕಿಂತ ದೊಡ್ಡ ತಪ್ಪು. ಇದನ್ನ ನಾ ಬರಕೊಂಡ್ರ ಇವರ ನೌಕರಿ ಹೋತು." ಮುಂದಕ್ಕೆ ಬಾಗಿದ್ದ ಹೀರಾ ಹಿಂದಕ್ಕೆ ಸರಿದಳು. ಅಧಿಕಾರಿ ರೋಹಿತನ ಕಡೆ ತಿರುಗಿದರು. ಕೆಟ್ಟ ಮನುಷ್ಯನಲ್ಲ, ಬಾಗಿಲು ಎಲ್ಲಿದೆಯೆಂದು ಕಣ್ಣಿನಲ್ಲೇ ತೋರಿಸುತ್ತಿದ್ದರು. "ಶಾಸಕರ ದೂರು ಇರೂತನಕ ಕಡತ ಇರತದ. ದೂರಿನಾಗಿನ ಮಾತು ಖರೇ ಅಲ್ಲ ಅಂತ ಬರದವರ ಹೇಳಿಕಿ ಕೊಟ್ರ ನಾ ಇಲ್ಲಿಗೇ ಮುಚ್ಚತೇನಿ. ಬುಟ್ಟಿ, ಗೋಣಿ ಯಾವುದೂ ಕಾಗದಕ್ಕ ಬರೂದಿಲ್ಲ. ಭಾಷಣ ಬರದವರು ನೀವ ಏನ್ರಿ? ಆ ಬಸ್ಸಿನ್ಯಾಗ ನೀವು ಇದ್ರೇನು?"

ಇಲ್ಲಿ ಎಂಥ ಸೀನು ಬೇಕಿತ್ತೆಂದು ನಿಮಗೆ ಗೊತ್ತು. ರೋಹಿತ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಜಟ್ಟುವಿನ ಹೆಗಲ ಮೇಲೆ ಕೈಯಿಟ್ಟು, ಫ್ಯಾನಿನ ಗಾಳಿಗೆ ಕೂದಲು ಹಾರಿಸಿಕೊಂಡು, 'ಸಾರ್, ಶಿಕ್ಷೆ ಕೊಡೋದಾದರೆ ಈ ಎದೆಗೆ ಕೊಡಿ' ಎಂದು ಒಂದೇ ಉಸಿರಿನಲ್ಲಿ ಎರಡು ಪುಟ. ಅವನ ತಲೆಯಲ್ಲಿ ಅದು ಬಂದೇ ಬಂತು, ಹಿನ್ನೆಲೆ ಸಂಗೀತದ ಸಮೇತ. ಅದರ ಹಿಂದೆಯೇ ಮಧುಕರ ಮಾಸ್ತರು 'ನಗು' ಎಂಬ ಶಬ್ದದ ಮೇಲೆ ಬೆರಳಿಟ್ಟು ಕೂತದ್ದು ಬಂತು. ಸದನದಲ್ಲಿ ಆಡಿದ ಮಾತು ಸುಳ್ಳೆಂದು ಆ ಮನುಷ್ಯ ಎದ್ದು ನಿಂತು ಒಪ್ಪಿಕೊಳ್ಳಬೇಕಾಗುವುದು ಬಂತು. ಹೊರಡದ ಆದೇಶ, ರಸ್ತೆಯಲ್ಲೇ ಉಳಿಯುವ ಬುಟ್ಟಿಗಳು ಬಂದವು. ಅವನು ಎದ್ದು ನಿಲ್ಲಲಿಲ್ಲ. ಕೂತಲ್ಲೇ, ಅಧಿಕಾರಿಯ ಕನ್ನಡಕದ ಖಾಲಿ ಗಾಜು ನೋಡುತ್ತ, "ಇದ್ದೆ," ಅಂದ. ಎರಡನೇ ಸಲ ಕೇಳಿದ ಮೇಲೆ ಅದು ಅವರಿಗೆ ಕೇಳಿಸಿತು.

ಆದ್ದರಿಂದ, ಅಷ್ಟು ಜಂಬ ಕೊಚ್ಚಿದ ಮೇಲೆ, ಒಪ್ಪಿಕೊಂಡುಬಿಡುವುದೇ ಸರಿ. ನಡೆದದ್ದು ಹೀಗೆ. ಅವತ್ತು ಮಳೆ ಇರಲಿಲ್ಲ. ಕೆಸರೂ ಇರಲಿಲ್ಲ, ಹಿತವಾದ ಬಿಸಿಲಿತ್ತು. ಶಾಸಕರ ಕೆಲಸಕ್ಕೆಂದು ಹೊರಟ ರೋಹಿತ ಇದೇ ಬಿಳಿ ಶರ್ಟಿನಲ್ಲಿ ಬಸ್ಸಿನ ನಡುವಿನ ಸೀಟಿನಲ್ಲಿ ಕೂತು, ಮುಂದಿನ ಸೀಟಿನ ಮಾನಸಾ ಎಂಬ ಹೊಸ ಟೀಚರಿಗೂ ಅವಳ ಗೆಳತಿಗೂ ಖಳನಾಯಕರ ಧ್ವನಿ ಒಂದೊಂದಾಗಿ ಕೇಳಿಸುತ್ತಿದ್ದ. ಇಬ್ಬರೂ ನಗುತ್ತಿದ್ದರು. ಹಿಂದಿನಿಂದ ಹೀರಾ ಕೂಗಿದಳು: "ರೋಹಿತಾ, ಬಗಲಲ್ಲಿ ಹರ್ದದ್ದು ಹೊಲಿಸ್ಕಂಡ್ಯನ? ಆಯಿ ಹತ್ರ ಹೇಳು, ಸಾರಿಗೆ ಶೆಟ್ಲಿ ತೆಗ್ದಿಟ್ಟಿದ್ದೆ." ಮಾನಸಾ ಹಿಂದೆ ನೋಡಿ, ಬುಟ್ಟಿ ನೋಡಿ, ಅವನ ಬಗಲು ನೋಡಿ, "ನಿಮ್ಮೋರಾ?" ಅಂದಳು. ತಿರಸ್ಕಾರವಿರಲಿಲ್ಲ ಆ ಪ್ರಶ್ನೆಯಲ್ಲಿ, ಸುಮ್ಮನೆ ಕೇಳಿದ್ದಳು. ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅವನು ಎದ್ದು ನಿಂತು, ಎಂಟರಲ್ಲಿ ಅತ್ಯಂತ ದಪ್ಪ ಧ್ವನಿ ಆರಿಸಿಕೊಂಡ. ಬಸ್ಸಿಗೆ ಬಸ್ಸೇ ನಕ್ಕಿತು. ನಕ್ಕ ಮೇಲೆ ಜನರಿಗೆ ಮೂಗು ಇದೆಯೆಂದು ನೆನಪಾಯಿತು. ಅಷ್ಟು ದಿನ ಸುಮ್ಮನೆ ಬರುತ್ತಿದ್ದವರು ಒಬ್ಬೊಬ್ಬರಾಗಿ, ಹೌದಲ್ಲ, ಎಂಥಾ ನಾತ, ಇಳಿಸಿ ಅವಳನ್ನು, ಅಂದರು. ಆಮೇಲೆ ಗಂಟೆ ಹೊಡೆಯಿತು. ಕಿಟಕಿಯಿಂದ ನೋಡಿದಾಗ ಹೀರಾ ರಸ್ತೆಯಲ್ಲಿ ನಿಂತಿದ್ದಳು, ಜಟ್ಟು ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ತಲೆಗೆ ಇಡುತ್ತಿದ್ದ. ಒಂದು ಬಂಗಡೆಯೂ ಬೀಳಲಿಲ್ಲ.

ಇದಿಷ್ಟನ್ನು ರೋಹಿತ ಸಣ್ಣ ಧ್ವನಿಯಲ್ಲಿ, ಹಿಂದುಮುಂದಾಗಿ ಹೇಳಿದ. "ಶಾಸಕರಿಗೆ ನೀವ ಹೇಳ್ತೀರೋ, ನಾ ಬರೀಲೋ?" ಎಂದು ಅಧಿಕಾರಿ ಕೇಳಿದರು. "ನಾನೇ ಹೇಳ್ತೆ," ಅಂದ. "ಹಂಗಾದ್ರ ಎದ್ದು ನಿಂತು ಏನಂದ್ರಿ, ಅದನ್ನ ಅಂದ್ಹಂಗ ಬರಸ್ರಿ. ಹೇಳಿಕಿ ಪೂರಾ ಇರಬೇಕು."

ಅವನು ಹೇಳಿದ. ಯಾವ ಖಳನಾಯಕನ ಧ್ವನಿಯೂ ಬರಲಿಲ್ಲ, ಅವನದೇ ತೆಳ್ಳಗಿನ ಧ್ವನಿ. "ಕಂಡಕ್ಟರ್ ಸಾಹೇಬ್ರೇ, ಗಾಡಿ ನಿಲ್ಸಿ. ಈ ಬಸ್ಸಲ್ಲಿ ಒಂದು ಹೆಣ ಕೂತಿದೆ."

"ಸ್ವಲ್ಪ ಸಾವಕಾಶ ಹೇಳಿ," ಅಂದಳು ಲಲಿತಾ ತಲೆಯೆತ್ತದೆ, "ಬರ್ಕಣೂಕೆ ಆಗೂದಿಲ್ಲ."

ಅವನು ಇನ್ನೊಮ್ಮೆ, ಶಬ್ದ ಬಿಡಿಸಿ ಬಿಡಿಸಿ ಹೇಳಿದ. ಫ್ಯಾನು ತಿರುಗುತ್ತಿತ್ತು. ಯಾರೂ ನಗಲಿಲ್ಲ.

"ಅಷ್ಟ ಏನು?"

"ಅಷ್ಟೇ ಸಾರ್."

"ಅಷ್ಟೇ ಅಲ್ಲ," ಅಂದಳು ಹೀರಾ. ಇಷ್ಟು ಹೊತ್ತಿಗೆ ಮೊದಲ ಸಲ ಅವನ ಮುಖ ನೋಡಿದಳು, ಮರೆತ ಪಾಠ ನೆನಪಿಸುವವಳಂತೆ. ಆಮೇಲೆ ಲಲಿತಾಳ ಕಡೆ ವಾಲಿ, ಅವಳ ಪೆನ್ನಿನ ವೇಗಕ್ಕೆ ಸರಿಯಾಗಿ, ನಿಧಾನವಾಗಿ ಬರೆಸಿದಳು: "ಈ ಹೆಣಕ್ಕೆ ವಾರಸುದಾರ್ರು ಯಾರಾದ್ರೂ ಇದ್ರೆ ಕೈ ಎತ್ತಿ. ಹಂಗೆ ಕೇಳ್ದ. ಬರ್ಕಂಡ್ಯಾ ಮಗಾ?"

ಲಲಿತಾ ಬರೆದುಕೊಂಡಳು. ಅಧಿಕಾರಿ ಮೇಜಿನ ಮೇಲಿದ್ದ ಕನ್ನಡಕ ಎತ್ತಿ ಹಾಕಿಕೊಂಡರು. ಕೊನೆಗೆ, ಕಡತಕ್ಕಾಗಿಯೋ ತನಗಾಗಿಯೋ, "ಯಾರರ ಎತ್ತಿದ್ರೇನ್ರಿ?" ಅಂದರು.

ರೋಹಿತ ಮೇಜಿನ ಅಂಚು ನೋಡುತ್ತಿದ್ದ. ಹೀರಾ ಗದ್ದದಿಂದ ಗೋಡೆಗೆ ತಾಗಿದ್ದ ಜಟ್ಟುವಿನ ಕಡೆ ತೋರಿಸಿದಳು.

"ಅಂವ ಎತ್ತಿದ. ಬಾಯಲ್ಲಿ ಪೀಪಿ ಇತ್ತು, ಮಾತಾಡೂಕೆ ಆಗ್ಲಿಲ್ಲ. ಸುಮ್ನೆ ಕೈ ಎತ್ತಿ ನಿಂತ, ಜನ ನಗೂದು ನಿಲ್ಲೂ ತನ್ಕ. ಆಮೇಲೆ ನಾನೇ ಗಂಟೆ ಎಳ್ದು ಇಳ್ದೆ ಸಾಹೇಬ್ರೇ. ಯಾರೂ ಇಳಿಸ್ಲಿಲ್ಲ."